ಕಟ್ಟಿದವರೇ ಬಿಚ್ಚಬೇಕು

“ಇನ್ನೊಂದು ಸಲ ತುಳೀರಿ,” ಎಂದೆ.

ಫಿಟ್ಟರ್ ನನ್ನ ಮುಖ ನೋಡಿದ. ವಾರದ ರಜೆ, ಮನೆಯಲ್ಲಿ ಕಾಲು ಚಾಚಿ ಮಲಗಬೇಕಾದ ಮನುಷ್ಯ. ಬೆಳಗಿನಿಂದ ಇದೇ ಮಾತು ಕೇಳಿ ಕೇಳಿ ಅವನ ಕಿವಿ ತೂತಾಗಿತ್ತು. ಗೊಣಗಿಕೊಂಡೇ ಪೆಡಲ್ ತುಳಿದ.

ಪ್ರೆಸ್ಸಿನ ತಲೆ ಧಡ್ಡೆಂದು ಇಳಿಯಿತು. ಕೆಳಗಿನ ಅಚ್ಚು, ಅಂದರೆ ಡೈ ಮೇಲಿದ್ದ ತಗಡನ್ನು ಕತ್ತರಿಸಿತು, ತಲೆ ಮೇಲೆ ಹೋಗಿ ನಿಂತಿತು. ನಿಲ್ಲಲೇಬೇಕು. ಒಂದು ಸಲ ತುಳಿದರೆ ಒಂದೇ ಏಟು, ಅದು ಆ ಯಂತ್ರದ ಧರ್ಮ.

ನಾನು ಹಳೆಯ ಗ್ಲೌಸಿನೊಳಗೆ ಚಿಂದಿ ತುಂಬಿ ಉದ್ದನೆಯ ಕೋಲಿನ ತುದಿಗೆ ಕಟ್ಟಿಕೊಂಡಿದ್ದೆ. ಪ್ರತಿ ಏಟಾದ ಮೇಲೂ ಅದನ್ನು ಡೈ ಒಳಗೆ ಚಾಚುತ್ತಿದ್ದೆ. ಕತ್ತರಿಸಿದ ತುಂಡನ್ನು ಕೈಯಿಂದ ಎತ್ತುವವರು ಚಾಚುವುದೂ ಹಾಗೆಯೇ. ಯಂತ್ರಕ್ಕೂ ಕೈಗೂ ನಡುವೆ ಅಡ್ಡವಾಗಿ ಇರಬೇಕಾದ ಜಾಲರಿ ಗೋಡೆಗೆ ಒರಗಿ ನಿಂತಿತ್ತು. ಅದನ್ನು ಹಾಕಿದರೆ ಕೆಲಸ ನಿಧಾನವಾಗುತ್ತದಂತೆ. ಹೌದು, ಬೆರಳು ಇಲ್ಲದಿದ್ದರೆ ಕೆಲಸ ಬಹಳ ಬೇಗ ಆಗುತ್ತದೆ ನೋಡಿ.

ಹಿಂದಿನದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಈ ಪ್ರೆಸ್ಸಿನ ಬಾಯಲ್ಲಿ ಇಲ್ಲೇ ದುಡಿಯುವ ಒಂದು ಮನೆಯ ಕಿರಿಯ ಮಗನ ನಾಲ್ಕು ಬೆರಳು ಹೋದಾಗ ಪೆಡಲ್ ಬಳಿ ಇದ್ದವಳು ಅವನ ಅತ್ತಿಗೆ. ಅವಳು ಬೇಕೆಂದೇ ತುಳಿದಳು ಎಂದು ಅವಳ ಗಂಡನೇ ಎಲ್ಲರೆದುರು ಹೇಳಿದ್ದ. ನಿಜ ಹುಡುಕಿಕೊಡಿ ಎಂದು ನನ್ನ ಬಳಿ ಬಂದವಳು ಆ ಅಣ್ಣತಮ್ಮಂದಿರ ತಾಯಿ.

ನಾನು ಒಂದು ಕಾಲದಲ್ಲಿ ಕಾರ್ಖಾನೆಗಳ ತಪಾಸಣೆ ಮಾಡುತ್ತಿದ್ದವಳು. ಆ ಕೆಲಸ ಬಿಟ್ಟು ಪತ್ತೇದಾರಿಕೆಗೆ ಇಳಿದು ಕಾಲವಾಯಿತು, ಜನ ಮಾತ್ರ ‘ಇನ್ಸ್‌ಪೆಕ್ಟರಮ್ಮ’ ಎನ್ನುವುದನ್ನು ಬಿಟ್ಟಿಲ್ಲ. ಮಾಲೀಕ ನನ್ನನ್ನು ಒಳಗೆ ಬಿಟ್ಟದ್ದೂ ಪ್ರೀತಿಯಿಂದಲ್ಲ. ಆ ತಾಯಿಯ ಸೊಸೆಯ ತಲೆ ಮೇಲೆ ಗೂಬೆ ಕೂರಿಸಿದರೆ ಅವನ ಜಾಲರಿಯ ಬಗ್ಗೆ ಯಾರೂ ಕೇಳುವುದಿಲ್ಲ. ನಾಳೆ ಬೆಳಗ್ಗೆ ಪೊಲೀಸರಿಗೆ ಅವಳ ಮೇಲೆ ದೂರು ಕೊಡುವುದಾಗಿ ಆಗಲೇ ಸಾರಿಬಿಟ್ಟಿದ್ದ.

“ಅಮ್ಮ, ಪ್ರೆಸ್ ಸರಿಯಾಗೇ ಇದೆ,” ಎಂದ ಫಿಟ್ಟರ್. “ಅವತ್ತೂ ನಾಲ್ಕಾರು ಸಲ ತುಳಿದು ನೋಡಿದ್ವಿ. ಏನೂ ಆಗ್ಲಿಲ್ಲ.”

ಅವತ್ತು ತಣ್ಣಗಾದ ಯಂತ್ರವನ್ನು ನಾಲ್ಕಾರು ಸಲ ತುಳಿದಿದ್ದರು, ಆಮೇಲೆ ಅದನ್ನು ಓಡಿಸಿರಲಿಲ್ಲ. ನಾನು ಅದನ್ನು ಬೆಳಗಿನಿಂದ ಬಿಸಿಯಾಗಲು ಬಿಟ್ಟಿದ್ದೆ. ಇನ್ನೊಂದು ಸಲ ಎಂದೆ. ಅವನು ತುಳಿದ. ತಲೆ ಇಳಿಯಿತು, ಏರಿತು. ಅವನು ಕಾಲು ತೆಗೆದು ಪಕ್ಕಕ್ಕೆ ಸರಿದು ಬೆವರು ಒರೆಸಿಕೊಂಡ. ನಾನು ಕೋಲನ್ನು ಒಳಗೆ ಚಾಚಿದೆ.

ಧಡ್.

ಕೋಲು ನನ್ನ ಕೈಯಿಂದ ಹಾರಿ ಬಿತ್ತು. ಪೆಡಲ್ ಹತ್ತಿರ ಯಾರೂ ಇರಲಿಲ್ಲ. ಫಿಟ್ಟರ್‌ನ ಎರಡೂ ಕಾಲು ನನ್ನ ಕಣ್ಣೆದುರಿಗೇ ನೆಲದ ಮೇಲಿದ್ದವು. ಪ್ರೆಸ್ಸು ಯಾರೂ ಹೇಳದೆ ಎರಡನೆಯ ಏಟು ಕೊಟ್ಟಿತ್ತು. ಗ್ಲೌಸಿನ ನಾಲ್ಕು ಬೆರಳು ಡೈ ಒಳಗೆ ಉಳಿದಿದ್ದವು, ಹೆಬ್ಬೆರಳೊಂದು ಕೋಲಿನ ಜೊತೆ ಬಂದಿತ್ತು.

ಫಿಟ್ಟರ್ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಚಿಂದಿಯ ಕೈ ಎಂದು ಗೊತ್ತಿದ್ದೂ ನನ್ನ ಬೆರಳುಗಳನ್ನು ಮುಷ್ಟಿ ಮಾಡಿಕೊಂಡಿದ್ದೆ.

ಮೇನ್ ಸ್ವಿಚ್ ಇಳಿಸಿ, ಪ್ರೆಸ್ಸನ್ನು ಓಡಿಸುವ ದೊಡ್ಡ ಚಕ್ರ ಪೂರ್ತಿ ನಿಂತ ಮೇಲೆ ಅವನು ಕ್ಲಚ್ಚಿನ ಮುಚ್ಚಳ ಬಿಚ್ಚಿದ. ಪ್ರತಿ ಏಟಿಗೂ ತಲೆಯನ್ನು ಮೇಲೆಯೇ ಹಿಡಿದು ನಿಲ್ಲಿಸಬೇಕಾದ ಸ್ಪ್ರಿಂಗು ಸೋತು ಉದ್ದವಾಗಿತ್ತು. ತಣ್ಣಗಿದ್ದಾಗ ಹೇಗೋ ಹಿಡಿಯುತ್ತದೆ, ಬಿಸಿಯಾದರೆ ಒಮ್ಮೊಮ್ಮೆ ಕೈ ಬಿಡುತ್ತದೆ. ಇದು ಒಂದು ದಿನದಲ್ಲಿ ಆದದ್ದಲ್ಲ, ಅಪಘಾತದ ಹಿಂದಿನ ರಾತ್ರಿಯೇ ಎರಡನೆಯ ಏಟು ಶುರುವಾಗಿರಬೇಕು ಎಂದ.

“ಹಾಗಾದ್ರೆ ರಾತ್ರಿ ಕೆಲಸ ಮಾಡಿದವರಿಗೆ ಗೊತ್ತಾಗಿರಬೇಕಲ್ಲ?”

“ಗೊತ್ತಾಗದೆ ಇರುತ್ತಾ? ಗೊತ್ತಾಗಿದ್ರೆ ಬಟ್ಟೆ ಕಟ್ಟಿರಬೇಕಿತ್ತು. ಬಟ್ಟೆ ಇರಲಿಲ್ಲ. ಅದೇ ನನಗೆ ಅರ್ಥ ಆಗ್ತಿಲ್ಲ.”

ಬಟ್ಟೆಯ ವಿಷಯ ನನಗೆ ಹೊಸದು. ಕೆದಕಿದಾಗ ಹೇಳಿದ. ಆ ಶೆಡ್ಡಿನಲ್ಲಿ ಯಾವ ಯಂತ್ರ ಮುಷ್ಕರ ಹೂಡಿದರೂ, ಅದನ್ನು ಮೊದಲು ಕಂಡವರು ಅದರ ಹಿಡಿಕೆಗೆ ಕೆಂಪು ಬಟ್ಟೆಯ ತುಂಡು ಕಟ್ಟುತ್ತಾರೆ. ಬಟ್ಟೆ ಇರುವವರೆಗೆ ಆ ಯಂತ್ರವನ್ನು ಮಾಲೀಕ ಬಂದು ಹೇಳಿದರೂ ಯಾರೂ ಮುಟ್ಟುವುದಿಲ್ಲ. ರಿಪೇರಿ ಆದ ಮೇಲೆ ಬಿಚ್ಚುವ ಹಕ್ಕು ಕಟ್ಟಿದವರಿಗೆ ಮಾತ್ರ. ಕಟ್ಟಿದವರ ಮನೆಯಲ್ಲಿ ಸಾವಾಗಿದ್ದರೂ ಅವರೇ ಬಂದು ಬಿಚ್ಚಿ ಹೋಗಬೇಕು. ಇದನ್ನು ಯಾವ ಬೋರ್ಡಿನ ಮೇಲೂ ಬರೆದಿಲ್ಲ. ಆದರೂ ಬೋರ್ಡಿನ ಮೇಲೆ ಬರೆದದ್ದೆಲ್ಲಕ್ಕಿಂತ ಇದೇ ಹೆಚ್ಚು ನಡೆಯುತ್ತದೆ.

ಸ್ಪ್ರಿಂಗನ್ನು ಬದಲಿಸಲೆಂದು ಅವನು ಕೈ ಹಾಕಿದಾಗ ತಡೆದೆ. ಮುಚ್ಚಳ ಹಾಕಿ ಹಾಗೇ ಬಿಡಿ, ಅದೇ ನಮ್ಮ ಸಾಕ್ಷಿ ಎಂದೆ. ಆಮೇಲೆ ಅಲ್ಲೇ ನಿಂತು ತಾಯಿಗೆ ಫೋನ್ ಮಾಡಿದೆ. ಕಾಯುವ ಜೀವಕ್ಕೆ ಒಂದು ತಾಸಾದರೂ ಕಡಿಮೆಯಾಗಲಿ ಎಂಬ ಆತುರ ನನ್ನದು.

“ಅಮ್ಮ, ನಿಮ್ಮ ಸೊಸೆ ಪೆಡಲ್ ತುಳಿದಿಲ್ಲ. ಪ್ರೆಸ್ಸು ತಾನಾಗೇ ಇಳೀತಿದೆ. ನಾನೇ ಕಣ್ಣಾರೆ ನೋಡಿದೆ.”

ಅಳುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ. ಹೌದಾ ಎಂದಳು, ಅಷ್ಟೇ. ನಾನು ಮನೆಗೆ ಬಂದು ಎಲ್ಲ ಹೇಳುತ್ತೇನೆಂದು ಫೋನ್ ಇಟ್ಟೆ.

ಹಿಂದೆ ಪೊರಕೆಯ ಸದ್ದು ನಿಂತಿತ್ತು. ರಜೆಯ ದಿನ ಶೆಡ್ ಗುಡಿಸುವ ಸರದಿ ಪ್ಯಾಕಿಂಗಿನ ಹೆಂಗಸಿನದು. ದಾರ ಕಟ್ಟಿದ ದಪ್ಪ ಕನ್ನಡಕ ಹಾಕುತ್ತಿದ್ದಳು, ಎಲ್ಲರಿಗೂ ಅವಳು ಕನ್ನಡಕದಕ್ಕ. ಪೊರಕೆ ಹಿಡಿದು ಅಲ್ಲೇ ನಿಂತಿದ್ದಳು. ಅವಳ ಬಾಯಲ್ಲಿ ಮಾತೊಂದು ಕುಳಿತಿದೆ ಎಂದು ನೋಡಿದರೆ ಗೊತ್ತಾಗುತ್ತಿತ್ತು.

“ಬಟ್ಟೆ ಇರಲಿಲ್ಲ ಅಂದವರ್ಯಾರು?” ಎಂದಳು. “ಇತ್ತು. ತುಂಡು ತುಂಬಿದ ಡಬ್ಬಿ ತಗೊಳ್ಳೋಕೆ ಬೆಳಗ್ಗೆ ಬೇಗ ಬಂದಿದ್ದೆ. ನನ್ನ ಕಣ್ಣು ಮಂದ ನಿಜ, ಆದ್ರೆ ಕೆಂಪು ಕೆಂಪಾಗೇ ಕಾಣುತ್ತೆ.”

ಹಗಲು ಪಾಳಿಯ ಗಂಟೆ ಹೊಡೆದು ಅವಳು ಖಾಲಿ ಡಬ್ಬಿ ಇಡಲು ಮತ್ತೆ ಬಂದಾಗ ಬಟ್ಟೆ ಇರಲಿಲ್ಲ, ಪ್ರೆಸ್ಸು ಓಡುತ್ತಿತ್ತು. ಅಷ್ಟು ಹೊತ್ತಿನಲ್ಲಿ ಆ ಕಡೆ ಯಾರನ್ನಾದರೂ ನೋಡಿದೆಯಾ ಎಂದೆ. ಫೋರ್‌ಮನ್ ಒಬ್ಬರೇ ಪ್ರೆಸ್ಸಿನ ಮುಂದೆ ನಿಂತು ಅದನ್ನೇ ನೋಡುತ್ತಿದ್ದರು ಎಂದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು ಎಂದು ಎಲ್ಲರಿಗೂ ಅಪ್ಪಣೆಯಾಗಿತ್ತಂತೆ. ಅಪ್ಪಣೆ ಮಾಡಿದ್ದು ಯಾರು ಎಂದೆ. ಅವಳು ಪೊರಕೆಯ ಹಿಡಿಯಿಂದ ಮೇಲಿನ ಗಾಜಿನ ಕೋಣೆ ತೋರಿಸಿದಳು.

ಆ ಕೋಣೆ ಫೋರ್‌ಮನ್‌ನದು, ರಜೆಯ ದಿನವೂ ಅವನು ಅಲ್ಲಿದ್ದ. ಕೆಲಸಗಾರರು ಅವನ ಬೆನ್ನ ಹಿಂದೆ ಕರೆಯುವುದು ‘ಗಡಿಬಿಡಿ’ ಎಂದು. ನಿಂತಲ್ಲಿ ನಿಲ್ಲದ ಮನುಷ್ಯ, ಕುರ್ಚಿಯಲ್ಲಿ ಕುಳಿತರೂ ಎಲ್ಲಿಗೋ ಹೊರಟವನ ಹಾಗೆ ತುದಿಯಲ್ಲೇ ಕುಳಿತಿರುತ್ತಾನೆ. ಆ ವಾರ ಹೊರಡಬೇಕಾಗಿದ್ದ ಮಾಲು ತಡವಾಗಿದೆ ಎಂದು ಮಾಲೀಕ ಅವನನ್ನು ಎಲ್ಲರೆದುರು ಬೈದಿದ್ದನ್ನು ನಾನು ಮೊದಲೇ ಕೇಳಿದ್ದೆ. ಪ್ರೆಸ್ಸು ನಿಂತರೆ ಹೆಚ್ಚು ಕಷ್ಟಕ್ಕೆ ಬೀಳುವವನು ಅವನೇ. ಮೆಟ್ಟಿಲು ಹತ್ತುವಾಗ ನನ್ನ ಲೆಕ್ಕ ಮುಗಿದೇಹೋಗಿತ್ತು.

ಗ್ಲೌಸಿನ ತುಂಡುಗಳನ್ನು ಅವನ ಮೇಜಿನ ಮೇಲಿಟ್ಟೆ. ಕೆಳಗೆ ನಡೆದದ್ದನ್ನು ಗಾಜಿನಿಂದ ನೋಡಿದ್ದ, ಬೇರೆ ವಿವರಣೆ ಬೇಕಿರಲಿಲ್ಲ.

“ಹಿಡಿಕೆಗೆ ಬಟ್ಟೆ ಇತ್ತು. ನೀವು ಅದನ್ನ ನೋಡಿದ್ರಿ.”

“ಯಾರು ಹೇಳಿದ್ದು?”

“ಇರಲಿಲ್ಲ ಅನ್ನಿ, ನಾನು ಎದ್ದು ಹೋಗ್ತೀನಿ.”

ಅವನು ಕಿಟಕಿ ಕಡೆ ನೋಡಿದ. ಹಾಳಾದ ಯಂತ್ರಗಳ ಬಗ್ಗೆ, ಮಾಲೀಕರ ಒತ್ತಡದ ಬಗ್ಗೆ, ಕೆಲಸಗಾರರ ಅಸಡ್ಡೆಯ ಬಗ್ಗೆ ಹೇಳತೊಡಗಿದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿನ ಮಾತು. ಅದನ್ನು ಕೇಳುವ ತಾಳ್ಮೆ ನನ್ನಲ್ಲಿರಲಿಲ್ಲ.

“ಮಾಲು ಹೋಗಬೇಕಿತ್ತು. ಬಟ್ಟೆ ಬಿಚ್ಚಿ ಪ್ರೆಸ್ ಓಡಿಸಿದ್ದು ನೀವು. ಆಮೇಲೆ ಎಲ್ಲರ ಬಾಯಿಗೂ ಬೀಗ ಹಾಕಿ, ಆ ಹೆಣ್ಣುಮಗಳನ್ನ ಮುಂದೆ ತಳ್ಳಿದ್ರಿ.”

ಗಡಿಬಿಡಿ ಮೊದಲ ಸಲ ಅಲುಗಾಡದೆ ಕುಳಿತ. ಆಮೇಲೆ ತನ್ನ ಎಡಗೈಯನ್ನು ನಿಧಾನವಾಗಿ ಮೇಜಿನ ಮೇಲೆ, ಗ್ಲೌಸಿನ ತುಂಡುಗಳ ಪಕ್ಕದಲ್ಲಿ ಚಾಚಿಟ್ಟ. ಯಾವಾಗಲೂ ಜೇಬಿನಲ್ಲಿರುತ್ತಿದ್ದ ಕೈ ಅದು. ತೋರುಬೆರಳು, ನಡುಬೆರಳು ಬುಡದಲ್ಲೇ ಮುಗಿದಿದ್ದವು.

“ನಾನು ಹೆಲ್ಪರ್ ಆಗಿದ್ದಾಗ ಇನ್ನೊಬ್ಬ ಕಟ್ಟಿದ್ದ ಗುರುತನ್ನ ಮೇಸ್ತ್ರಿ ಬಿಚ್ಚಿದ್ದ. ಇದು ಅದರ ಫಲ,” ಎಂದ. “ಕಟ್ಟಿದವರೇ ಬಿಚ್ಚಬೇಕು ಅನ್ನೋ ಪದ್ಧತಿ ಇಲ್ಲಿಗೆ ತಂದಿದ್ದೇ ನಾನು ಮೇಡಂ. ಬೇರೆಯವರ ಬಟ್ಟೆಗೆ ಕೈ ಹಾಕೋದಿದ್ರೆ ಉಳಿದ ಬೆರಳೂ ಹೋಗಲಿ.”

ಅವನ ದನಿ ಒಡೆದಿತ್ತು. ನಾನು ಮೆಟ್ಟಿಲು ಹತ್ತುವಾಗ ಮುಗಿಸಿದ್ದ ಲೆಕ್ಕ ಪೂರಾ ತಪ್ಪಾಗಿತ್ತು, ಅದನ್ನು ಒಪ್ಪಿಕೊಳ್ಳಲು ನನಗೆ ತುಸು ಹೊತ್ತು ಬೇಕಾಯಿತು. ನೀರಿನ ಲೋಟವನ್ನು ಅವನ ಕಡೆ ಸರಿಸಿ, ಆ ಬೆಳಗ್ಗೆ ಏನಾಯಿತೆಂದು ಮೊದಲಿನಿಂದ ಹೇಳಿ ಎಂದೆ.

ಬಟ್ಟೆ ನೋಡಿದ್ದು ನಿಜ. ನೋಡಿದವನೇ ಬಿಡಿಭಾಗ ಹುಡುಕಲು ಹಿಂದಿನ ಸ್ಟೋರಿಗೆ ಹೋಗಿದ್ದ. ಅಲ್ಲಿ ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸಿ ಹುಡುಕುವಷ್ಟರಲ್ಲಿ ಗಂಟೆ ಹೊಡೆಯಿತು. ವಾಪಸ್ಸು ಬಂದಾಗ ಬಟ್ಟೆ ಇರಲಿಲ್ಲ, ಪ್ರೆಸ್ಸು ಓಡುತ್ತಿತ್ತು. ಅವನಿಗೆ ಸಮಾಧಾನವೇ ಆಯಿತಂತೆ.

“ಬಟ್ಟೆ ಇಲ್ಲ ಅಂದ್ರೆ ರಿಪೇರಿ ಆಗಿದೆ ಅಂತ ಅರ್ಥ. ಕಟ್ಟಿದವರೇ ಬಿಚ್ಚಿರ್ತಾರೆ. ಬೇರೆ ಯಾರೂ ಬಿಚ್ಚಲ್ಲ. ಹಾಗಂತ ನಾನೇ ಎಲ್ಲರಿಗೂ ಕಲಿಸಿದೀನಲ್ಲ, ನಾನೇ ಅದನ್ನ ನಂಬಿದೆ. ಹತ್ತಿರ ಹೋಗಿ ಒಂದು ಮಾತು ಕೇಳಲಿಲ್ಲ.”

ಆ ನಂಬಿಕೆಯೇ ಅವನನ್ನು ಮುಳುಗಿಸಿತ್ತು. ಬೇರೆ ಯಾವ ಶೆಡ್ಡಿನಲ್ಲಾದರೂ ಆಗಿದ್ದರೆ ಯಾರಾದರೊಬ್ಬರು ಅನುಮಾನಪಟ್ಟು ಕೇಳುತ್ತಿದ್ದರು. ಇಲ್ಲಿ ಬಟ್ಟೆ ಇಲ್ಲದ ಯಂತ್ರದ ಬಗ್ಗೆ ಅನುಮಾನಪಡುವುದೆಂದರೆ ಕಟ್ಟಿದವನನ್ನೇ ಅವಮಾನಿಸಿದ ಹಾಗೆ. ಕೂಗು ಕೇಳಿ ಓಡಿ ಬಂದಾಗ ತಾನು ಬಟ್ಟೆ ನೋಡಿದ್ದೆ ಎಂದು ಹೇಳಿದರೆ, ಗೊತ್ತಿದ್ದೂ ಓಡಿಸಿದೆ ಎಂಬ ಮಾತು ಬರುತ್ತದೆಂದು ಹೆದರಿ ಬಾಯಿ ಮುಚ್ಚಿಕೊಂಡ. ಆಮೇಲೆ ಎಲ್ಲರ ಬಾಯಿಯನ್ನೂ ಮುಚ್ಚಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಬಹಳ ಕಂಡಿದ್ದೇನೆ. ಇವನು ಕದಿಯದೆಯೇ ಹೆಗಲು ಮುಟ್ಟಿಕೊಂಡವನು.

“ಆ ಬಟ್ಟೆ ಕಟ್ಟಿದ್ದು ಯಾರು?”

ಅವನು ಎಡಗೈಯನ್ನು ಮತ್ತೆ ಜೇಬಿಗೆ ಸೇರಿಸಿದ.

“ನೈಟ್ ಶಿಫ್ಟಲ್ಲಿ ಆ ಪ್ರೆಸ್ ಮೇಲೆ ಯಾರಿದ್ರು?”

“ಒಬ್ಬನೇ ಇದ್ದಿದ್ದು,” ಎಂದ ಗಡಿಬಿಡಿ. “ಕೈ ಹೋದವನ ಅಣ್ಣ. ಆ ಹೆಣ್ಣುಮಗಳ ಗಂಡ.”

ನಾನು ಆ ದೊಡ್ಡ ಮಗನ ಜೊತೆ ಎರಡು ಸಲ ಮಾತಾಡಿದ್ದೆ. ಸೌಮ್ಯ ಮನುಷ್ಯ, ಮಾತಿಗೊಮ್ಮೆ ಕಣ್ಣೊರೆಸಿಕೊಳ್ಳುತ್ತಿದ್ದ. ಪ್ರೆಸ್ಸು ರಾತ್ರಿಯಿಡೀ ಬೆಣ್ಣೆಯ ಹಾಗೆ ಓಡಿತ್ತು ಎಂದು ತನ್ನ ಬಾಯಿಂದಲೇ ಹೇಳಿದ್ದ. ನಾನು ಕೇಳುವ ಮುಂಚೆಯೇ ಹೇಳಿದ್ದ. ಅವತ್ತೇ ನನ್ನ ಕಿವಿ ನಿಮಿರಬೇಕಿತ್ತು, ಅವನ ಕಣ್ಣೀರು ನೋಡಿ ಸುಮ್ಮನಾದೆ.

ಕೆಳಗಿಳಿದು ಸ್ಕೂಟರ್ ಹತ್ತಿರ ಬಂದೆ. ಗಡಿಬಿಡಿಯೂ ಫಿಟ್ಟರೂ ನನ್ನ ಹಿಂದೆಯೇ ಇಳಿದು ತಮ್ಮ ತಮ್ಮ ಮನೆಗೆ ಹೊರಟರು. ಕನ್ನಡಕದಕ್ಕ ಗೇಟಿನ ತನಕ ಬಂದಳು. ಮಾತು ಒಮ್ಮೆ ಹೊರಬಿದ್ದ ಮೇಲೆ ಅವಳಿಗೆ ನಿಲ್ಲಿಸುವುದು ಕಷ್ಟವಾಗಿತ್ತು. ಸೊಸೆ ಎಂಥ ಹುಡುಗಿ, ಮೈದುನನನ್ನು ಸ್ವಂತ ತಮ್ಮನ ಹಾಗೆ ನೋಡುತ್ತಿದ್ದಳು, ಅವಳ ಮೇಲೆ ಇಂಥ ಮಾತು ಹೇಳಿದವರ ನಾಲಿಗೆಗೆ ಹುಳ ಬೀಳಲಿ ಎಂದೆಲ್ಲ ಹೇಳಿದಳು. ಹೇಳುತ್ತಲೇ ಒಂದು ಮಾತು ಸೇರಿಸಿದಳು.

“ಪಾಪ, ಅವಳು ಪೆಡಲ್ ಕಡೆ ನಿಂತಿದ್ದೇ ಅದೊಂದು ದಿನ. ದಿನಾ ಪೆಡಲ್ ಮೈದುನಂದು. ತಗಡು ಇಟ್ಟು ತುಂಡು ಎತ್ತೋದು ಇವಳು. ಅವಳ ಕೈ ಚುರುಕು.”

ಆ ದಿನ ಜಾಗ ಬದಲಾಗಿದ್ದು ಯಾಕೋ ಅವಳಿಗೆ ಗೊತ್ತಿರಲಿಲ್ಲ. ಅಭ್ಯಾಸವಿಲ್ಲದ ಜಾಗದಲ್ಲಿ ನಿಂತಿದ್ದರಿಂದಲೇ ಎಲ್ಲರಿಗೂ ಅನುಮಾನ ಹೆಚ್ಚಾಯಿತೇನೋ ಎಂದುಕೊಂಡು ಸ್ಕೂಟರ್ ಹತ್ತಿದೆ. ನನ್ನ ತಲೆಯಲ್ಲಿ ಆಗ ಇದ್ದದ್ದು ದೊಡ್ಡ ಮಗನ ಸೋಮಾರಿತನ ಮಾತ್ರ. ರಿಪೇರಿ ಎಂದರೆ ಕಟ್ಟಿದವನು ಅದು ಮುಗಿಯುವ ತನಕ ನಿಲ್ಲಬೇಕು. ನಿದ್ದೆಗಣ್ಣಿನಲ್ಲಿದ್ದವನು ಮನೆಗೆ ಹೋಗುವ ಆತುರಕ್ಕೆ ಬಟ್ಟೆ ಬಿಚ್ಚಿದ. ತಮ್ಮನ ಕೈ ಹೋಯಿತು, ಹೆದರಿದ, ಹೆಂಡತಿಯ ಮೇಲೆ ಹೊರಿಸಿದ. ಹೇಡಿತನಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಆದರೆ ಇದನ್ನು ಆ ತಾಯಿಗೆ ಹೇಗೆ ಹೇಳುವುದು? ರೈಲ್ವೆ ಗೇಟು ಮುಚ್ಚಿತ್ತು, ಗೂಡ್ಸ್ ಗಾಡಿ ಆಮೆಯ ಹಾಗೆ ಹೋಗುತ್ತಿತ್ತು. ಅಷ್ಟು ಹೊತ್ತೂ ಮಾತು ಜೋಡಿಸಿದೆ. ಒಂದೂ ಕೂಡಿಬರಲಿಲ್ಲ. ಸೊಸೆ ತಪ್ಪಿತಸ್ಥೆಯಲ್ಲ ಎಂಬ ಸುಖದ ಸುದ್ದಿಯ ಬೆನ್ನಿಗೇ, ತಪ್ಪು ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವನದು ಎಂದು ಹೇಳಬೇಕಿತ್ತು.

ಅವರದು ಎರಡು ಕೋಣೆಯ ಮನೆ. ಮುಂದಿನದರಲ್ಲಿ ಕಿರಿಯ ಮಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದ, ಬ್ಯಾಂಡೇಜಿನ ಕೈ ದಿಂಬಿನ ಮೇಲಿತ್ತು. ತಾಯಿ ನನ್ನನ್ನು ಅಡುಗೆಮನೆಗೆ ಕರೆದಳು. ಕೂರಲು ಮಣೆ ಕೊಟ್ಟಳು. ಒಲೆ ಮೇಲಿದ್ದ ಪಾತ್ರೆ ಇಳಿಸಿದಳು. ನಾನು ಗಂಟಲು ಸರಿಮಾಡಿಕೊಂಡೆ.

“ನೀವೇನು ಹೇಳೋಕೆ ಬಂದಿದೀರಿ ಅಂತ ಗೊತ್ತು,” ಎಂದಳು.

ಅಕ್ಕಿ ಡಬ್ಬಿಯ ಹಿಂದೆ ಕೈ ಹಾಕಿ ಮಡಿಸಿದ ಬಟ್ಟೆಯ ತುಂಡೊಂದನ್ನು ತೆಗೆದು ನನ್ನ ಮುಂದಿಟ್ಟಳು. ಚೆನ್ನಾಗಿ ಒಗೆದು ಒಣಗಿಸಿದ ಕೆಂಪು ಬಟ್ಟೆ. ಎಷ್ಟು ಒಗೆದರೂ ಹೋಗದ ಗ್ರೀಸಿನ ಕಲೆ ಒಂದು ತುದಿಯಲ್ಲಿ ಉಳಿದಿತ್ತು.

“ದೊಡ್ಡವನ ಪ್ಯಾಂಟಿನ ಜೇಬಲ್ಲಿ ಸಿಕ್ತು. ಚಿಕ್ಕವನನ್ನ ಆಸ್ಪತ್ರೆಗೆ ಸೇರಿಸಿ ಬಂದು ಬಟ್ಟೆ ನೆನೆಹಾಕೋವಾಗ. ಈ ಮನೇಲಿ ಮೂರು ಜನ ಅಲ್ಲಿ ದುಡಿಯೋರು. ಕೆಂಪು ಬಟ್ಟೆ ಅಂದ್ರೆ ಏನು ಅಂತ ನನಗೆ ಗೊತ್ತಿಲ್ವಾ?”

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಕೇಳಿದ್ದೆ, ಹೆಗ್ಗಣವನ್ನು ಹೆಗ್ಗಣ ಎಂದು ತಿಳಿದೂ ಮಡಿಲಲ್ಲಿ ಇಟ್ಟುಕೊಂಡ ತಾಯಿಯನ್ನು ಕಂಡಿರಲಿಲ್ಲ. ಸಿಟ್ಟು ಬಂತು. ಇಷ್ಟು ಗೊತ್ತಿದ್ದವರು ನನ್ನನ್ನು ಯಾಕೆ ಕರೆದಿರಿ, ಯಾಕೆ ಅಲೆಸಿದಿರಿ ಎಂದು ಕೇಳಿಯೇಬಿಟ್ಟೆ.

“ಬಾಯಿ ಬಿಟ್ರೆ ಮಗನನ್ನ ಜೈಲಿಗೆ ಕಳಿಸಿದ ಹಾಗೆ. ಬಿಡದಿದ್ರೆ ಸೊಸೇನ. ಅವಳು ಈ ಮನೆಗೆ ಬಂದಾಗಿಂದ ನನ್ನ ಕಾಲುನೋವಿಗೆ ಎಣ್ಣೆ ತಿಕ್ಕಿದೋಳು ಅವಳು, ಇವರಿಬ್ಬರೂ ಅಲ್ಲ. ಹೊರಗಿನವರು ಯಾರಾದ್ರೂ ಬಂದು ಅವಳಲ್ಲ ಅಂತ ಹೇಳಲಿ ಅಂತ ಕಾದೆ. ಹೇಳಿದ್ರಿ. ಅಷ್ಟು ಸಾಕು ತಾಯಿ. ಪ್ರೆಸ್ಸಿಂದೇ ತಪ್ಪು ಅಂತ ಬರೀರಿ. ಇಲ್ಲಿಗೆ ನಿಲ್ಲಿಸಿಬಿಡಿ.”

ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಮಗ ದುಡುಕಿದ ಅಷ್ಟೇ, ನಿದ್ದೆ ಎಳೆಯುತ್ತಿತ್ತು, ಬೇಕೆಂದು ಯಾರಾದರೂ ಒಡಹುಟ್ಟಿದವನ ಕೈಯನ್ನು ಯಂತ್ರದ ಬಾಯಿಗೆ ಕೊಡುತ್ತಾರಾ ಎಂದಳು. ನಿಜ ಹೇಳಬೇಕೆಂದರೆ ನಾನೂ ಅದನ್ನೇ ನಂಬಿದ್ದೆ, ಅವಳ ಮುಖ ನೋಡಿ ಹೂಂ ಎನ್ನುವುದರಲ್ಲಿದ್ದೆ.

“ಅಮ್ಮ.”

ಕಿರಿಯ ಮಗ ಬಾಗಿಲಲ್ಲಿ ನಿಂತಿದ್ದ. ಯಾವಾಗ ಎದ್ದನೋ, ಎಷ್ಟು ಕೇಳಿಸಿಕೊಂಡನೋ. ಅವನ ಕಣ್ಣು ಕೆಂಪು ಬಟ್ಟೆಯ ಮೇಲೆ ನೆಟ್ಟಿತ್ತು. ಆ ಬಟ್ಟೆಯಿಂದ ಅವನನ್ನು ಎಳೆದು ತರಲೆಂದೇ ನಾನು ಆಗ ಹೊಳೆದ ಪ್ರಶ್ನೆ ಕೇಳಿದೆ, ಅವತ್ತು ಜಾಗ ಬದಲಾಯಿಸಿದ್ದು ಯಾಕೆ ಎಂದು.

ಗೇಟಿನ ಹತ್ತಿರ ಬಸ್ಸಿನಿಂದ ಇಳಿಯುವಾಗ ಕಾಲು ಉಳುಕಿತ್ತು ಎಂದ. ಪೆಡಲ್ ತುಳಿಯಲು ಆಗುತ್ತಿರಲಿಲ್ಲ. ಅತ್ತಿಗೆಯೇ, ನೀನು ಕೂತು ತಗಡು ಇಡು, ನಾನು ತುಳಿಯುತ್ತೇನೆ ಎಂದಿದ್ದಳು.

“ನಿಮ್ಮ ಅಣ್ಣನಿಗೆ ಇದು ಗೊತ್ತಿತ್ತಾ?”

“ಹೇಗೆ ಗೊತ್ತಾಗುತ್ತೆ? ನಾವು ಬರೋ ಹೊತ್ತಿಗೆ ಅಣ್ಣ ಹೊರಟುಹೋಗಿದ್ದ. ಎದುರು ಸಿಗಲೇ ಇಲ್ಲ.” ಅಷ್ಟು ಹೇಳಿ ನಿಲ್ಲಿಸಿದ. ಬ್ಯಾಂಡೇಜಿನ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದುಕೊಂಡ. ಮುಂದಿನ ಮಾತು ಬಹಳ ಮೆಲ್ಲಗೆ ಬಂತು. “ಕಾಲು ಉಳುಕದಿದ್ರೆ ಅಲ್ಲಿ ಅತ್ತಿಗೆ ಕೈ ಇರ್ತಿತ್ತು.”

ತಾಯಿ ನೆಲದ ಮೇಲೆ ಕೈಯೂರಿ ಕುಳಿತಳು.

ಸೋಮಾರಿಯಾದವನು ಬಟ್ಟೆಯನ್ನೇ ಕಟ್ಟುವುದಿಲ್ಲ. ಕಟ್ಟಿ, ಬೆಳಗಿನ ತನಕ ಬಿಟ್ಟು, ತನ್ನವರು ಬರುವ ಹೊತ್ತಿಗೆ ಬಿಚ್ಚಿ ಜೇಬಿಗಿಟ್ಟುಕೊಂಡವನು ಬೇರೆ ಏನನ್ನೋ ಯೋಚಿಸಿದ್ದ. ಗಂಡಹೆಂಡಿರ ನಡುವೆ ಏನಿತ್ತು ಎಂದು ತಾಯಿಯನ್ನು ಕೇಳಿದೆ. ಅವಳು ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಸೊಸೆ ಅವನನ್ನು ಬಿಟ್ಟು ಹೋಗುವ ಮಾತಾಡಿದ್ದಳಂತೆ, ತನ್ನ ಕೈಯಲ್ಲಿ ಕಸುಬಿದೆ, ಎಲ್ಲಿ ಹೋದರೂ ಬದುಕುತ್ತೇನೆ ಎಂದಿದ್ದಳಂತೆ. ಆ ಕೈಯ ಮಾತಿಗೆ ಅವನು ನಕ್ಕಿದ್ದನಂತೆ.

“ದೊಡ್ಡವನು ಈಗೆಲ್ಲಿ?”

“ಅವಳನ್ನ ಕರ್ಕೊಂಡು ಬರೋಕೆ ಹೋಗಿದಾನೆ,” ಎಂದಳು ತಾಯಿ. “ನೀವು ಫೋನ್ ಮಾಡಿದಾಗ ಪಕ್ಕದಲ್ಲೇ ಊಟಕ್ಕೆ ಕೂತಿದ್ದ. ಅವಳದ್ದೇನೂ ತಪ್ಪಿಲ್ಲ ಅಂತ ಕೇಳಿದ್ದೇ ತಡ, ಕೈ ತೊಳೆದು ಎದ್ದ. ಕ್ಷಮೆ ಕೇಳಿ ಕರ್ಕೊಂಡು ಬರ್ತೀನಿ ಅಂದ. ನಾನೂ ಸಂತೋಷಪಟ್ಟೆ.”

ಸೊಸೆ ಇದ್ದದ್ದು ಅವಳ ಅಕ್ಕನ ಮನೆಯಲ್ಲಿ, ಫ್ಯಾಕ್ಟರಿಯ ಹಿಂದಿನ ಬೀದಿಯಲ್ಲೇ. ನಾನು ಗಾಜಿನ ಕೋಣೆಯಲ್ಲಿ ಗಡಿಬಿಡಿಯನ್ನು ಕೆಣಕುತ್ತ ಕುಳಿತಿದ್ದಾಗ ಅವನು ದಾರಿಯಲ್ಲಿದ್ದ. ಅವನನ್ನು ಎಬ್ಬಿಸಿ ಕಳಿಸಿದ್ದು ನನ್ನ ಫೋನು. ಅಕ್ಕನ ಮನೆಯ ನಂಬರು ತಾಯಿಗೆ ಬಾಯಿಪಾಠವಿತ್ತು. ಅಕ್ಕ ಫೋನ್ ತೆಗೆದು, ಇಬ್ಬರೂ ಆಗಲೇ ಹೋದರು, ಅವಳ ಮುಖದಲ್ಲಿ ನಗು ನೋಡಿ ಎಷ್ಟು ದಿನವಾಗಿತ್ತು ಎಂದಳು. ಮನೆಗೆ ಬಂದಿರಬೇಕಲ್ಲ ಎಂದಳು.

ಮನೆಗೆ ಬಂದಿರಲಿಲ್ಲ. ಸೊಸೆಯ ಮೊಬೈಲಿಗೆ ಮಾಡಿದೆ. ರಿಂಗಾಯಿತು, ಆಗುತ್ತಲೇ ಇತ್ತು. ಕೊನೆಗೆ ಎತ್ತಿದ್ದು ಅವಳಲ್ಲ.

“ಹೇಳಿ ಇನ್ಸ್‌ಪೆಕ್ಟರಮ್ಮ,” ಎಂದ ದೊಡ್ಡ ಮಗ. ಅದೇ ಸೌಮ್ಯ ದನಿ.

ಎಲ್ಲಿದ್ದೀರಿ ಎಂದೆ.

“ಶೆಡ್ಡಲ್ಲಿ. ವಾಚ್‌ಮನ್ ನಮ್ಮವನೇ, ಒಳಗೆ ಬಿಟ್ಟ. ಎಷ್ಟು ಹೇಳಿದ್ರೂ ಇವಳು ನಂಬ್ತಿಲ್ಲ ನೋಡಿ. ನಾನೇ ತುಳಿದುಬಿಟ್ನೇನೋ, ಅವನ ಕೈ ನಾನೇ ತೆಗೆದ್ನೇನೋ ಅಂತ ಒಂದೇ ಸಮ ಅಳು. ಪ್ರೆಸ್ಸು ತಾನಾಗೇ ಇಳಿಯೋದನ್ನ ಅವಳ ಕಣ್ಣಿಗೇ ತೋರಿಸಿಬಿಟ್ರೆ ಸಮಾಧಾನ ಆಗುತ್ತಲ್ವಾ?”

ಅವನ ಮಾತಿನ ಹಿಂದೆ ದೊಡ್ಡ ಚಕ್ರ ವೇಗ ಹಿಡಿಯುತ್ತಿತ್ತು. ಮುಟ್ಟಬೇಡ ಎಂದೆ, ಸ್ವಿಚ್ ಇಳಿಸು ಎಂದೆ, ಅವಳ ಕೈಗೆ ಫೋನ್ ಕೊಡು ಎಂದೆ. ಅವನು ಫೋನನ್ನು ಎಲ್ಲಿಯೋ ಇಟ್ಟಿರಬೇಕು. ದನಿಗಳು ದೂರ ಹೋದವು. ಚಕ್ರದ ಸದ್ದಿನ ನಡುವೆ ಹೆಂಗಸೊಬ್ಬಳು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅತ್ತು ಅತ್ತು ಒರಟಾದ, ಆದರೂ ನಂಬಿದ ದನಿ.

“ನಾನು ಯಾವ ಕಡೆ ನಿಂತ್ಕೊಳ್ಳಲಿ?”

“ದಿನಾ ನಿಲ್ತಿದ್ದ ಕಡೆ,” ಎಂದ ಅವಳ ಗಂಡ.